ಹಲಸಿನ ಮರದ ಮೇಲೆ ನಾನು ಹೊರಿಸಿದ ಆರೋಪ

ಮುಲುಂಡಿನ ನಮ್ಮ ಸೊಸೈಟಿಯ ಹಿಂದಿನ ಗೋಡೆ ಮುಗಿದಲ್ಲಿಂದ ಕಾಡು ಶುರುವಾಗುತ್ತದೆ. ಮುಂಬಯಿಯಲ್ಲಿ ಕಾಡಿದೆ ಎಂದರೆ ಊರಿನ ನೆಂಟರು ನಂಬುವುದಿಲ್ಲ. ಚಿರತೆಯ ವಿಡಿಯೋ ತೋರಿಸಿದ ಮೇಲೆ ನಂಬುತ್ತಾರೆ, ಆದರೆ ಉಳಿಯಲು ಬರುವುದಿಲ್ಲ. ಗೋಡೆಯ ಈಚೆ, ಕಾಂಪೌಂಡಿನೊಳಗೆ ಒಂದು ಹಲಸಿನ ಮರ. ಅದನ್ನು ನೆಟ್ಟವರು ಯಾರೆಂದು ಯಾರಿಗೂ ಗೊತ್ತಿಲ್ಲ. ಅದು ಯಾರದ್ದೆಂದು ಮಾತ್ರ ಎಲ್ಲರಿಗೂ ಗೊತ್ತು: ನನ್ನ ಸೋದರತ್ತೆಯದು. ಅಷ್ಟಮಿಗೆ ಕೊಟ್ಟೆ ಕಡುಬಿಗೆಂದು ಅದರ ಎಲೆ ಕೊಯ್ಯುವವರು ಅವರೊಬ್ಬರೇ. ನಾಲ್ಕು ಎಲೆ ಸೇರಿಸಿ, ಕಡ್ಡಿ ಚುಚ್ಚಿ ಕೊಟ್ಟೆ, ಅಂದರೆ ದೊನ್ನೆ, ಕಟ್ಟಿ, ಅದರಲ್ಲಿ ಹಿಟ್ಟು ಹೊಯ್ದು ಬೇಯಿಸಬೇಕು. ಅದೇ ಹಿಟ್ಟನ್ನು ಸ್ಟೀಲ್ ಲೋಟದಲ್ಲಿ ಬೇಯಿಸಿದರೆ ಅದು ಕಡುಬಲ್ಲ, ಉದ್ದದ ಇಡ್ಲಿ ಎಂಬುದು ಅತ್ತೆಯ ತೀರ್ಪು. ಈ ತೀರ್ಪಿನ ವಿರುದ್ಧ ಒಂದು ವರ್ಷ ವಾದಿಸಿ ನೋಡಿದೆ. ಆ ವರ್ಷ ನನಗೆ ಮಾತ್ರ ಲೋಟದಲ್ಲಿ ಬೇಯಿಸಿ ಕೊಟ್ಟರು.

ವಾದ ನನ್ನ ಚಟ. ವಿಲೆ ಪಾರ್ಲೆಯ ಕಾಲೇಜಿನಲ್ಲಿ ಐದು ವರ್ಷ ಡಿಬೇಟ್ ಟೀಮಿನಲ್ಲಿದ್ದೆ. ಅಲ್ಲಿ ನಾಣ್ಯ ಚಿಮ್ಮಿ ಪಕ್ಷ ಹಂಚುತ್ತಿದ್ದರು. ಯಾವ ಪಕ್ಷ ಬಂದರೂ ಅದೇ ಸತ್ಯವೆಂದು ಏಳು ನಿಮಿಷ ನಂಬಬೇಕು, ಉಳಿದ ಹೊತ್ತು ಏನನ್ನೂ ನಂಬಬಾರದು. ಹಾಗಾಗಿ ಬೇರೆಯವರು "ಊಟ ಆಯ್ತಾ" ಎಂದು ಕೇಳುವ ಜಾಗದಲ್ಲಿ ನಾನು "ಪುರಾವೆ ಏನು" ಎಂದು ಕೇಳುತ್ತೇನೆ.

ಅದೇ ಪ್ರಶ್ನೆಯನ್ನು ಟೀಮಿನ ಹಳೆಯ ಸೀನಿಯರ್ ಒಬ್ಬನಿಗೆ ಕೇಳಿದ್ದು ನನ್ನ ತಪ್ಪು. ಅವನು ಈಗ ಕಾಡಿನ ಕೀಟಗಳ ಮೇಲೆ ಸಂಶೋಧನೆ ಮಾಡುತ್ತಾನೆ. ಪವಾಯಿಯ ಕೆರೆದಂಡೆಯಲ್ಲಿ ಚಹಾ ಕುಡಿಯುತ್ತ, ಹೊರದೇಶದ ಸರಕಿನ ಜೊತೆ ಬರುವ ಮರದ ಪೆಟ್ಟಿಗೆಗಳಲ್ಲಿ ಕೊರೆಯುವ ಹುಳಗಳು ಅಡಗಿ ಬರುತ್ತವೆ, ಕಾಡಿಗೆ ನುಗ್ಗಿದರೆ ನಿಂತ ಮರವನ್ನೇ ಒಳಗಿನಿಂದ ಜರಡಿ ಮಾಡಿಬಿಡುತ್ತವೆ ಎಂದ. ನಮ್ಮ ಕಾಡಿಗೆ ಬಂದಿವೆ ಅನ್ನುವುದಕ್ಕೆ ಪುರಾವೆ ಏನು ಎಂದೆ. ಯಾರೂ ಹುಡುಕಿ ನೋಡಿಲ್ಲ, ಅದಕ್ಕೇ ಪುರಾವೆ ಇಲ್ಲ, ನಿನ್ನ ಮನೆ ಕಾಡಿನ ಗೋಡೆಗೆ ತಾಗಿಯೇ ಇದೆಯಲ್ಲ ಎಂದ. ಮುಂದಿನ ವಾರ ನನ್ನ ಕೈಯಲ್ಲಿ ಒಂದು ಬಲೆ ಇತ್ತು.

ಬಲೆ ಎಂದರೆ ಒಂದರ ಕೆಳಗೊಂದು ತೂಗುವ ಕಪ್ಪು ಪ್ಲಾಸ್ಟಿಕ್ ಆಲಿಕೆಗಳು, ಪಕ್ಕದಲ್ಲಿ ಸ್ಪಿರಿಟ್ ತುಂಬಿದ ಪುಟ್ಟ ಬಾಟಲಿ, ತಳದಲ್ಲಿ ಸೋಪಿನ ನೀರಿನ ಬಟ್ಟಲು. ಸೊರಗಿದ ಮರ ಸ್ಪಿರಿಟ್‌ನಂಥದೇ ಹುಳಿ ವಾಸನೆ ಬಿಡುತ್ತದಂತೆ. ಆ ವಾಸನೆಯ ಆಸೆಗೆ ಬಂದ ಹುಳ ಆಲಿಕೆಗೆ ಬಡಿದು, ಜಾರಿ, ಬಟ್ಟಲಿಗೆ ಬೀಳುತ್ತದೆ. ಪ್ರತಿ ಶನಿವಾರ ನಾನು ಆ ನೀರನ್ನು ಚಹಾ ಸೋಸುವ ಜಾಲರಿಯಲ್ಲಿ ಸೋಸಿ, ಸಿಕ್ಕಿದ್ದರ ಫೋಟೋ ತೆಗೆದು ಸೀನಿಯರ್‌ಗೆ ಕಳಿಸಬೇಕು. ಆ ಜಾಲರಿ ಅಪ್ಪಿತಪ್ಪಿಯೂ ಅಡುಗೆಮನೆಗೆ ವಾಪಸ್ ಬರಬಾರದೆಂದು ಅತ್ತೆ ಅದರ ಹಿಡಿಗೆ ಕೆಂಪು ದಾರ ಕಟ್ಟಿದರು.

ಬಲೆಯನ್ನು ಹಲಸಿನ ಕೊಂಬೆಗೆ ಕಟ್ಟುವಾಗ ಏಣಿ ಹಿಡಿದವರು ನಮ್ಮ ವಾಚ್‌ಮನ್, ವಿಜಯಪುರದ ಕಡೆಯವರು. ಬಾಟಲಿಯನ್ನು ಮೂಸಿ ನೋಡಿದರು.

"ಅಕ್ಕಾರ, ಹುಳಕ್ಕ ದಾರೂ ಕುಡಿಸಿ ಹಿಡಿಯೂದು ಅಂದ್ರ ಮೋಸ ಅಲ್ಲೇನ್ರಿ?"

ಐದು ವರ್ಷ ಡಿಬೇಟ್ ಮಾಡಿದ ನಾನು ಬಲೆಯ ಗಂಟನ್ನು ಇನ್ನಷ್ಟು ಬಿಗಿದೆ.

ಸೊಸೈಟಿಯ ಸೆಕ್ರೆಟರಿ ಮೊದಲ ಮಹಡಿಯ ಮರಾಠಿ ಗೃಹಸ್ಥರು. ಹಿಂದಿನ ವರ್ಷ ಒಂದು ಹಲಸಿನಹಣ್ಣು ಅವರ ಹೊಸ ಕಾರಿನ ಮೇಲೆ ಬಿದ್ದಿತ್ತು. ಅಂದಿನಿಂದ ಅವರಿಗೆ ಆ ಮರ ಕಂಡಾಗಲೆಲ್ಲ ಅಲ್ಲಿ ಎರಡು ಪಾರ್ಕಿಂಗ್ ಕಾಣುತ್ತಿತ್ತು. ಬಲೆ ಕಟ್ಟಿದ ತಿಂಗಳಿಗೆ ಅವರು ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ, ಈ ಕಪ್ಪು ವಸ್ತು ಚಂದವೂ ಇಲ್ಲ, ಉಪಯೋಗವೂ ಇಲ್ಲ, ಇಷ್ಟು ದಿನದಲ್ಲಿ ಏನು ಹಿಡಿದಿದೆ ಎಂದು ಬರೆದರು. ಇರುವೆ ಮತ್ತು ಒಂದು ಪತಂಗ ಎಂದು ನಿಜ ಹೇಳಲು ನನಗೆ ಮನಸ್ಸು ಬರಲಿಲ್ಲ. ಕೀಟಶಾಸ್ತ್ರದ ಮಹತ್ವದ ಬಗ್ಗೆ ಉದ್ದುದ್ದ ಬರೆದೆ. ಅವರು ಹೆಬ್ಬೆರಳಿನ ಚಿತ್ರ ಹಾಕಿದರು, ಕೆಳಮುಖದ್ದು.

ಮೇ ತಿಂಗಳ ಒಂದು ಶನಿವಾರ ಜಾಲರಿಯಲ್ಲಿ ಹನ್ನೊಂದು ಹುಳ. ಸೀನಿಯರ್ ಕೊಟ್ಟಿದ್ದ ಹಾಳೆ ಬಿಡಿಸಿದೆ. ಕಂದು ಬಣ್ಣ: ಹೌದು. ಉರುಟಾದ ಉದ್ದನೆಯ ಮೈ: ಹೌದು. ಮೇಲಿನಿಂದ ನೋಡಿದರೆ ತಲೆ ಕಾಣದು: ಹೌದು, ಟೊಪ್ಪಿಗೆ ಹಾಕಿಕೊಂಡ ಹಾಗಿತ್ತು. ನನ್ನ ಎದೆ ಹೊಡೆದುಕೊಂಡಿತು. ಕಾಡಿಗೆ ಬಂದ ಆಪತ್ತಿಗಾಗಿ ಎಂದು ಬರೆದುಕೊಳ್ಳಬಹುದಿತ್ತು, ಆದರೆ ಖುಷಿಗೆ. ಸೀನಿಯರ್ ಆ ಎರಡು ದಿನ ನೆಟ್‌ವರ್ಕ್ ಇಲ್ಲದ ಕಡೆ ಇದ್ದ. ಅವನ ಉತ್ತರಕ್ಕೆ ಕಾಯುವುದು ನಿಯಮ. ನಾನು ಕಾಯದೆ ಫೋಟೋವನ್ನು ಸೊಸೈಟಿ ಗುಂಪಿಗೆ ಹಾಕಿ, "ಮರ ಕೊರೆಯುವ ಹುಳ ಬಂದಿದೆ. ಇಗೋ ಪುರಾವೆ" ಎಂದು ಬರೆದೆ.

ಸೆಕ್ರೆಟರಿ ಒಪ್ಪಿಕೊಂಡರು. ಅವರು ನನ್ನ ಮಾತನ್ನು ಒಪ್ಪಿದ್ದು ಅದೇ ಮೊದಲು, ಆಗಲೇ ನನಗೆ ಅನುಮಾನ ಬರಬೇಕಿತ್ತು. ಅರ್ಧ ಗಂಟೆಯಲ್ಲಿ ಅವರ ಬರಹ ಬಂತು: ಹಲಸಿನ ಮರಕ್ಕೆ ರೋಗ ತಗಲಿದೆ, ಕಾಡಿಗೆ ಹರಡುವ ಮೊದಲು ಕಡಿಯುವುದು ನಮ್ಮ ಕರ್ತವ್ಯ, ನಾಳೆ ಭಾನುವಾರ ಹತ್ತು ಗಂಟೆಗೆ ಮೀಟಿಂಗ್, ಮಹಾನಗರಪಾಲಿಕೆಗೆ ಕೊಡುವ ಅನುಮತಿಯ ಅರ್ಜಿಗೆ ಈ ಫೋಟೋವನ್ನೇ ಲಗತ್ತಿಸುವುದು.

ಅತ್ತೆಗೆ ಸುದ್ದಿ ಮುಟ್ಟಿಸಿದವರು ವಾಚ್‌ಮನ್. ನಾನು ಕೆಳಗಿಳಿದಾಗ ಅತ್ತೆ ಮರದ ಪಕ್ಕದ ಬಿಸಿಲಿನಲ್ಲಿ, ಹಳೆಯ ಸೀರೆಯ ಮೇಲೆ ಉಡುಪಿಯಿಂದ ತರಿಸಿದ ಕುಚ್ಚಲಕ್ಕಿ ಹರಡಿಕೊಂಡು ಕೂತಿದ್ದರು. ಮಳೆಗಾಲಕ್ಕೆ ಮೊದಲು ಅಕ್ಕಿಗೆ ಬಿಸಿಲು ಕಾಣಿಸುವುದು ಪ್ರತಿ ವರ್ಷದ ಕೆಲಸ, ಆ ವಾರವಿಡೀ ನಡೆದಿತ್ತು. ನನ್ನನ್ನು ನೋಡಲಿಲ್ಲ.

"ಮರ ಕಡಿಲಿಕ್ಕೆ ನೀನೇ ಬರ್ದು ಕೊಟ್ಟದ್ದಂತೆ."

ನಾನು ಕಾಂಡ ಪರೀಕ್ಷೆ ಮಾಡತೊಡಗಿದೆ. ಹುಳ ಕೊರೆದರೆ ತೂತಿನಿಂದ ಶ್ಯಾವಿಗೆಯಂತೆ ಮರದ ಪುಡಿ ಹೊರಗೆ ಬರಬೇಕು. ಸುತ್ತಲೂ ನೋಡಿದೆ, ಏಣಿ ಹತ್ತಿ ನೋಡಿದೆ. ಒಂದು ತೂತೂ ಇಲ್ಲ. ಮರ ನನಗಿಂತ ಆರೋಗ್ಯವಾಗಿತ್ತು. ಹಾಗಾದರೆ ಹನ್ನೊಂದು ಹುಳ ಎಲ್ಲಿಂದ ಬಂದವು? ಅತ್ತೆ ಕೈ ಚಾಚಿದರು, ಫೋಟೋ ತೋರಿಸು ಎಂಬಂತೆ. ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಇದು ನಮ್ಮ ಅಕ್ಕಿ ಹುಳ ಅಲ್ವಾ ಮಾರಾಯ್ತಿ."

ಹಾಗೆಲ್ಲ ಕಣ್ಣಂದಾಜಿನಲ್ಲಿ ಹೇಳಲಾಗದು, ಅದಕ್ಕೆ ಲಕ್ಷಣಗಳ ಪಟ್ಟಿ ಇದೆ ಎಂದೆ. ಅತ್ತೆಯ ಹತ್ತಿರವೂ ಪಟ್ಟಿ ಇತ್ತು.

"ಸೊಂಡಿಲು ಇರುದು ಒಂದು ಜಾತಿ. ತಲೆ ಅಡಗಿಸಿಕೊಳ್ಳುದು ಇನ್ನೊಂದು. ಇದು ಎರಡನೇದು. ಬಿಸಿಲಿಗೆ ಹಾಕಿದ್ರೆ ಹಾರಿ ಹೋಗ್ತದೆ. ಎಲ್ಲಿಗೆ ಹೋಗ್ತದೆ ಅಂತ ನಾನು ಯಾವತ್ತೂ ಕೇಳ್ಲಿಲ್ಲ."

ಅವರ ತಲೆಯ ನೇರ ಮೇಲೆ ಬಲೆ ತೂಗುತ್ತಿತ್ತು. ಆದರೂ ನಾನು ಹತ್ತು ನಿಮಿಷ ವಾದಿಸಿದೆ. ಅತ್ತೆ ಒಂದು ಹಿಡಿ ಅಕ್ಕಿ ತೆಗೆದು ನನ್ನ ಅಂಗೈಗೆ ಹಾಕಿದರು. ಅದರೊಳಗಿನಿಂದ ಟೊಪ್ಪಿಗೆಯವರು ಇಬ್ಬರು ಎದ್ದು, ನನ್ನ ಆಯುಷ್ಯರೇಖೆಯ ಮೇಲೆ ನಡೆದುಕೊಂಡು ಹೋದರು.

ಗೆದ್ದ ಅತ್ತೆಯ ಮುಖ ಮಾತ್ರ ಸಪ್ಪೆಯಾಯಿತು. ಬೇವಿನ ಎಲೆ, ಒಣಮೆಣಸು ಹಾಕಿಟ್ಟರೆ ಅಕ್ಕಿಗೆ ಹುಳ ಬರುವುದೇ ಇಲ್ಲ ಎಂದು ಇಡೀ ಬಿಲ್ಡಿಂಗಿನ ಹೆಂಗಸರಿಗೆ ಪಾಠ ಹೇಳಿದವರು ಅವರು. ಮೀಟಿಂಗಿನಲ್ಲಿ ಸತ್ಯ ಹೇಳು, ಆದರೆ ಅಕ್ಕಿ ಯಾರದ್ದೆಂದು ಹೇಳಬೇಡ ಎಂದರು. ನಮ್ಮ ಬಿಲ್ಡಿಂಗಿನಲ್ಲಿ ಕುಚ್ಚಲಕ್ಕಿ ಉಣ್ಣುವ ಮನೆ ನಮ್ಮದೊಂದೇ.

ಭಾನುವಾರ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಎಲ್ಲರೂ ಕೂತರು. ನಾನು ಎದ್ದು ನನ್ನದೇ ವರದಿಯ ವಿರುದ್ಧ ಏಳು ನಿಮಿಷ ಮಾತಾಡಿದೆ. ಬಲೆಯಲ್ಲಿ ಬಿದ್ದ ಹುಳಕ್ಕೂ ಬಲೆ ಕಟ್ಟಿದ ಮರಕ್ಕೂ ಸಂಬಂಧ ಇರಲೇಬೇಕೆಂದಿಲ್ಲ, ಹುಳ ಒಂದು ಅನಾಮಿಕ ಧಾನ್ಯದಿಂದ ಬಂದಿದೆ ಎಂದೆ. ತರ್ಕ ಗಟ್ಟಿಯಾಗಿತ್ತು. ಯಾರಿಗೂ ಅರ್ಥವಾಗಲಿಲ್ಲ. ನೀವು ಸರಿ ಹೇಳಿದ್ದು ನಿನ್ನೆಯೋ ಇವತ್ತೋ ಎಂದು ಸೆಕ್ರೆಟರಿ ಕೇಳಿದರು. ಎಲ್ಲರೂ ನಕ್ಕರು. ಅವರು ಅರ್ಜಿಯ ಹಾಳೆಯನ್ನು ಸಹಿಗೆಂದು ಮೇಜಿನ ಮೇಲಿಟ್ಟು ಪೆನ್ನು ತೆಗೆದರು.

ಹಿಂದಿನ ಸಾಲಿನಿಂದ ಅತ್ತೆ ಎದ್ದು ಬಂದರು. ಸೆರಗಿನೊಳಗಿಂದ ಸ್ಟೀಲ್ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಒಳಗಿದ್ದ ಅಕ್ಕಿಯನ್ನು ಮೇಜಿನ ಮೇಲೆ ಸುರಿದರು. ಕೋರ್ಟಿನ ಕಟಕಟೆಯಲ್ಲಿ ನಿಂತವರ ದನಿಯಲ್ಲಿ, ತಮಗೆ ಬರುವ ಅಷ್ಟೂ ಹಿಂದಿಯಲ್ಲಿ ಹೇಳಿದರು:

"ಯೇ ಮೇರಾ ಚಾವಲ್ ಹೈ. ಇಸ್ ಮೇ ಕೀಡಾ ಹೈ."

ಹುಳಗಳು ಅರ್ಜಿಯ ಮೇಲೆ ನಡೆದವು. ಒಂದು ಹುಳ ಲಗತ್ತಿಸಿದ್ದ ಫೋಟೋದ ಪಕ್ಕಕ್ಕೇ ಬಂದು ನಿಂತಿತು, ಗುರುತಿನ ಚೀಟಿ ತೋರಿಸುವ ಹಾಗೆ. ಸೆಕ್ರೆಟರಿಯ ಹೆಂಡತಿ ಕನ್ನಡಕ ಏರಿಸಿ ಬಗ್ಗಿ ನೋಡಿ, ಇದೇ ಹುಳ ನಮ್ಮ ಡಬ್ಬಿಯಲ್ಲೂ ಇದೆ ಎಂದರು. ಗಂಡ ಅವರತ್ತ ನೋಡಿದ ನೋಟ ನನಗೆ ಇನ್ನೂ ನೆನಪಿದೆ. ಆಮೇಲೆ ಮೂರನೇ ಮಹಡಿಯವರು ಒಪ್ಪಿಕೊಂಡರು, ಐದನೆಯವರು ಒಪ್ಪಿಕೊಂಡರು. ಮೀಟಿಂಗ್ ಪೂರ್ತಿ ಅಕ್ಕಿ ಕಾಪಾಡುವ ಉಪಾಯಗಳಿಗೆ ಹೊರಳಿತು: ಲವಂಗ, ಹರಳೆಣ್ಣೆ, ಬೆಂಕಿಪೊಟ್ಟಣ. ಬೇವಿನ ಎಲೆಯಿಂದ ಏನೂ ಆಗುವುದಿಲ್ಲ ಎಂದು ಅತ್ತೆ ತಮ್ಮ ಹಳೆಯ ಪಾಠವನ್ನು ಅಧಿಕೃತವಾಗಿ ಹಿಂತೆಗೆದುಕೊಂಡರು. ಸೆಕ್ರೆಟರಿ ಅರ್ಜಿಯನ್ನು ಎತ್ತಿ ಕೊಡವಿ ಮಡಚಿಟ್ಟರು. ಸಹಿಯನ್ನು ಯಾರೂ ಕೇಳಲಿಲ್ಲ, ಯಾರೂ ಹಾಕಲಿಲ್ಲ.

ಸಂಜೆ ಸೀನಿಯರ್ ಫೋನ್ ಮಾಡಿ ತುಂಬ ಹೊತ್ತು ನಕ್ಕ. ಅಕ್ಕಿಯ ಈ ಹುಳ ಮರ ಕೊರೆಯುವವರ ಕುಟುಂಬದ್ದೇ, ದೂರದ ನೆಂಟ ಎಂದ. ಅಕ್ಕಿಯನ್ನು ಬೇರೆ ಕಡೆ ಒಣಗಿಸಲು ಹೇಳು ಎಂದ. ಬಿಸಿಲು ಅಲ್ಲೇ ಬೀಳುವುದು ಎಂದರು ಅತ್ತೆ. ಬಲೆಯೇ ಕಾಡಿನ ಗೋಡೆಯ ಕಡೆಗೆ ಹೋಯಿತು. ಅಂದಿನಿಂದ ಪ್ರತಿ ಶನಿವಾರ ಸೋಸಿ, ನೋಡಿ, "ಇಲ್ಲ" ಎಂದು ಕಳಿಸುತ್ತಿದ್ದೇನೆ. ಹುಡುಕಿ ಸಿಗದಿದ್ದರೆ ಅದೂ ಪುರಾವೆಯೇ ಎನ್ನುತ್ತಾನೆ ಸೀನಿಯರ್.

ಅಷ್ಟಮಿ ಬಂತು. ಅತ್ತೆ ಎಲೆ ಕೊಯ್ದು, ಒಂದೊಂದನ್ನೂ ಬೆಳಕಿಗೆ ಹಿಡಿದು ತೂತಿಲ್ಲವೆಂದು ನನಗೆ ತೋರಿಸಿ ಕೊಟ್ಟೆ ಕಟ್ಟಿದರು. ಆರು ಕಡುಬು ತಟ್ಟೆಯಲ್ಲಿಟ್ಟು ಸೆಕ್ರೆಟರಿಯ ಮನೆಗೆ ಕೊಟ್ಟು ಬಾ ಎಂದು ನನ್ನನ್ನು ಕಳಿಸಿದರು. ಅವರು ಬಾಗಿಲು ಪೂರ್ತಿ ತೆಗೆಯಲಿಲ್ಲ. ತಟ್ಟೆ ನೋಡಿದರು, ಎಲೆ ನೋಡಿದರು. ಅಕ್ಕಿ ಅದೇನಾ ಎಂದು ಕೇಳಿದರು. ಅಲ್ಲ, ಬೇರೆ ಅಕ್ಕಿ, ಹುಳ ಇಲ್ಲ ಎಂದೆ.

ಪುರಾವೆ ಏನು ಎಂದರು.

ನಾನು ಅವರ ಹೊಸ್ತಿಲಲ್ಲೇ ಒಂದು ಕೊಟ್ಟೆ ಬಿಚ್ಚಿ, ಚಟ್ನಿಯೂ ಇಲ್ಲದೆ, ಕಡುಬು ಪೂರ್ತಿ ತಿಂದೆ. ಬಾಯಿ ಸುಟ್ಟಿತು. ಅವರು ಕೊನೆಯ ತುತ್ತಿನವರೆಗೂ ನಿಂತು ನೋಡಿ, ಉಳಿದ ಐದನ್ನು ಒಳಗೆ ತೆಗೆದುಕೊಂಡರು.