ಇಂಗ್ಲೆಂಡಿನ ಮರುಭೂಮಿಗೆ ಉಳ್ಳಾಗಡ್ಡಿ

ಈಗಷ್ಟೇ ಉಳ್ಳಾಗಡ್ಡಿ ಹೆಚ್ಚುತ್ತ ಕೂತಿದ್ದೆ. ಆ ಘಾಟು ಹತ್ತಿದರೆ ಉಳಿದವರಿಗೆ ಕಣ್ಣೀರು ಬರುತ್ತದೆ, ನನಗೆ ನಗು. ಯಾಕೆಂದು ಕೇಳಿ. ಕೇಳದಿದ್ದರೂ ಹೇಳುವವಳೇ ನಾನು.

ತೊಂಬತ್ತರ ದಶಕದ ಕೊನೆ ಇರಬೇಕು. ಈಸ್ಟ್ ಹ್ಯಾಮಿನ ಮಗಳ ಮನೆಗೆ ನಾನು ಆಗ ಹೊಸಬಳು. ಅಳಿಯ ಬೆಂಗಳೂರಿನವನು, ಕ್ಯಾನರಿ ವಾರ್ಫಿನಲ್ಲಿ ಕೆಲಸ. ಒಂದು ಶುಕ್ರವಾರ ಮನೆಗೆ ಬಂದವನೇ, "ಅತ್ತೆ, ನಾಳೆ ಕಾರಲ್ಲಿ ಮರುಭೂಮಿ ನೋಡ್ಕೊಂಡು ಬರೋಣ. ಇಡೀ ಇಂಗ್ಲೆಂಡಿಗೆ ಅದೊಂದೇ ಅಂತೆ. ಕೊನೇಲಿ ಸ್ವಲ್ಪ ನಡಿಯೋದೂ ಇದೆ" ಎಂದ. ನಡೆಯುವ ಮಾತು ಬಂದಾಗ ಅವನ ಕಣ್ಣು ತನ್ನ ಪುಟ್ಟ ಮಗಳ ಮೇಲಿತ್ತು.

ಮೊಮ್ಮಗಳು ಶ್ರೇಯಾಳಿಗೆ ಆಗ ಆರು ವರ್ಷ. ಚಳಿಗಾಲದಲ್ಲಿ ಜಾರುಬಂಡಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದಳು. ಎಲುಬು ಕೂಡಿತ್ತು, ಪ್ಲಾಸ್ಟರ್ ಬಿಚ್ಚಿಯಾಗಿತ್ತು. ನಡೆದಷ್ಟೂ ಕುಂಟು ಕಡಿಮೆಯಾಗುತ್ತದೆ ಎಂದಿದ್ದರು ಡಾಕ್ಟರು. ಆದರೆ ಸ್ಕೂಲಿನಲ್ಲಿ ಯಾರೋ ಅವಳ ಹಾಗೆ ಕುಂಟಿ ತೋರಿಸಿ ನಕ್ಕಿದ್ದರು. ಅಂದಿನಿಂದ ಮನೆಯ ಹೊರಗೆ ಒಂದು ಹೆಜ್ಜೆ ಇಡಳು. ಎತ್ತಿಕೊಂಡರೆ ಬಂದಳು, ಇಲ್ಲದಿದ್ದರೆ ಇಲ್ಲ. ಮಗಳು ಒಳಗೊಳಗೇ ಸೋತುಹೋಗಿದ್ದಳು.

ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ಆದರೆ ಬಿಸಿಲಿನ ವಿಷಯದಲ್ಲಿ ಬಿಜಾಪುರದವರಿಗೆ ಯಾರೂ ಪಾಠ ಹೇಳುವುದು ಬೇಡ. ನಮ್ಮಲ್ಲಿ ಬೇಸಿಗೆಯಲ್ಲಿ ಹೊರಟವರ ಕಿಸೆಯಲ್ಲಿ ಒಂದು ಉಳ್ಳಾಗಡ್ಡಿ ಇರಲೇಬೇಕು, ಝಳ ಬಡಿಯುವುದಿಲ್ಲ. ಊರ ಬಿಸಿಲಿಗೇ ಒಂದಾದರೆ ಮರುಭೂಮಿಗೆ ಎರಡು! ಎಲ್ಲರ ಕಿಸೆ ತುಂಬಿಸಿದೆ. ಕಾರಿನಲ್ಲಿದ್ದ ಸ್ವೆಟರುಗಳನ್ನು ತೆಗೆದು ಮನೆಯೊಳಗಿಟ್ಟೆ.

"ಅವ್ವಾ, ಇದು ಇಂಗ್ಲೆಂಡ್ ಐತಿ" ಎಂದಳು ಮಗಳು.

"ಮರುಭೂಮಿ ಯಾವ ದೇಶದಾಗಿದ್ರೂ ಮರುಭೂಮೀನ. ಸುಮ್ನ ಇಟ್ಕೊ."

ಅಳಿಯ, "ಆಫೀಸ್ ಜಾಕೆಟ್ ಅತ್ತೆ ಇದು" ಎಂದು ಗೊಣಗಿದ. ಆದರೂ ಇಟ್ಟುಕೊಂಡ. ಒಳ್ಳೆಯ ಹುಡುಗ.

ಥೇಮ್ಸ್ ದಾಟಿ ಕೆಂಟಿನ ಕಡೆ ಹೊರಟೆವು. ನಾನು ದಾರಿಯುದ್ದಕ್ಕೂ ಮರಳು ಹುಡುಕಿದೆ, ಕಂಡದ್ದು ಬರೀ ಕುರಿ. ಕೊನೆಗೆ ಕುರಿ ಮುಗಿದು, ಹಸಿರು ಮುಗಿದು, ರಸ್ತೆಯೂ ಮುಗಿಯಿತು. ಬಾಗಿಲು ತೆರೆದರೆ ಗಾಳಿ ಕಪಾಳಕ್ಕೆ ಬಾರಿಸಿತು! ಒಂಟೆಯಿಲ್ಲ, ಮರಳಿಲ್ಲ. ಕಣ್ಣು ಹಾಯುವಷ್ಟೂ ನುಣ್ಣಗಿನ ಹರಳುಕಲ್ಲು, ಅಲ್ಲೊಂದು ಇಲ್ಲೊಂದು ಕಟ್ಟಿಗೆಯ ಮನೆ, ಆಚೆಗೆ ಬೂದು ಸಮುದ್ರ. ಇದನ್ನೇ ಇಲ್ಲಿಯವರು ಮರುಭೂಮಿ ಎನ್ನುವುದಂತೆ.

"ಅತ್ತೆ, ಝಳ ಹೇಗಿದೆ?" ಎಂದ ಅಳಿಯ, ಹಲ್ಲು ಕಟಕಟಿಸುತ್ತ.

"ನಿಮ್ಮ ಮರುಭೂಮಿಗೆ ಚಳಿಜ್ವರ ಬಂದೈತ್ರಿ. ನನ್ನ ಉಳ್ಳಾಗಡ್ಡೀದೇನ್ ತಪ್ಪು?"

ಅಲ್ಲಿಂದ ನೀರಿನ ತನಕ ನಡೆಯಬೇಕು. ಹರಳಿನ ಮೇಲೆ ಕಾಲಿಟ್ಟರೆ ಹೆಜ್ಜೆ ಹುಗಿಯುತ್ತದೆ, ಪಾದ ಹೊರಳುತ್ತದೆ. ಶ್ರೇಯಾಳನ್ನು ಎತ್ತಿಕೊಂಡ ಅಳಿಯ ಹೊಯ್ದಾಡಿ, ಬಿದ್ದೇನೆಂದು ಹೆದರಿ ಅವಳನ್ನು ಕೆಳಗೆ ಕೂಡಿಸಿದ. ಕೂತಲ್ಲಿಂದಲೇ ಅವಳು ನಮ್ಮನ್ನು ನೋಡಿದಳು. ನಾನು ಎಡಕ್ಕೆ ವಾಲಿದರೆ ಮಗಳು ಬಲಕ್ಕೆ, ಅಳಿಯ ಶುದ್ಧ ಕುಡುಕನ ಹಾಗೆ. ನಾಯಿ ಹಿಡಿದು ಬಂದ ಬಿಳಿಯ ಮುದುಕನೊಬ್ಬನೂ ಕುಂಟುತ್ತಲೇ ದಾಟಿಹೋದ.

"ಆಯಿ!" ಶ್ರೇಯಾ ನನ್ನನ್ನು ಕೂಗಿದಳು. ನಮ್ಮ ಮಾತು ಅವಳಿಗೆ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷು. "ಎವ್ರಿಬಡಿ ಈಸ್ ವಾಕಿಂಗ್ ಲೈಕ್ ಮಿ!"

"ಏನಂತಾಳ?"

"ಎಲ್ಲಾರೂ ನನ್ನಂಗ ನಡ್ಯಾಕತ್ತಾರ ಅಂತಾಳವ್ವಾ" ಎಂದಳು ಮಗಳು.

ನಾನು ಬಿಡುತ್ತೇನೆಯೇ? "ಹೌದ್ ನನ್ನವ್ವಾ! ನಮಗ ಇದು ರೂಢಿ ಇಲ್ಲ, ನಿನಗ ರೂಢಿ ಐತಿ. ನೀ ಮುಂದ ಆಗು, ನಾವು ನಿನ್ನ ಹಿಂದ!"

ಎದ್ದಳು. ಒಂದು ಕಾಲು, ತಡೆದು ಇನ್ನೊಂದು. ನಮ್ಮನ್ನು ದಾಟಿದಳು. "ಯಾರೂ ಹೊಗಳಬ್ಯಾಡ್ರಿ, ದೃಷ್ಟಿ ಆಗತೈತಿ" ಎಂದು ಪಿಸುಗುಟ್ಟಿದವಳು ನಾನೇ, "ಶಾಬಾಸ್ ನನ್ನ ಹುಲಿ!" ಎಂದು ಸಮುದ್ರಕ್ಕೆ ಕೇಳುವಂತೆ ಚೀರಿದವಳೂ ನಾನೇ. ನೀರು ಮುಟ್ಟಿದ ಮೇಲೇ ಅವಳು ತಿರುಗಿ ನೋಡಿದ್ದು.

ಸೋಮವಾರ ನಡೆದೇ ಸ್ಕೂಲಿಗೆ ಹೋದಳು. ನಕ್ಕವರಿಗೆ, ಮರುಭೂಮಿಗೆ ಬಂದು ನಡೆದು ತೋರಿಸಿ ಎಂದಳಂತೆ.

ಈಗ ನನಗಿಂತ ಎತ್ತರ ಬೆಳೆದಿದ್ದಾಳೆ. ಟ್ಯೂಬ್ ಸ್ಟೇಷನ್ನಿನಲ್ಲಿ ಅವಳನ್ನು ಹಿಡಿಯಲು ನಾನು ಓಡಬೇಕು. ಒಂದು ಕಾಲು ಮಾತ್ರ ಕೂದಲೆಳೆಯಷ್ಟು ತಡವಾಗಿ ಬೀಳುತ್ತದೆ. ಹೊರಗಿನವರಿಗೆ ತಿಳಿಯದು, ನನ್ನ ಕಿವಿಗೆ ತಿಳಿಯುತ್ತದೆ. ಮೊದಲೆಲ್ಲ ಅದೂ ಹೋಗಲಿ ದೇವರೇ ಎನ್ನುತ್ತಿದ್ದೆ. ಈಗ ಬೇಡಿಕೊಳ್ಳುವುದನ್ನು ಬಿಟ್ಟಿದ್ದೇನೆ. ಸಂಜೆ ನಮ್ಮ ಫ್ಲಾಟಿನ ಈ ಮೆಟ್ಟಿಲು ಹತ್ತುವವರು ಎಷ್ಟೋ ಮಂದಿ, ಆ ಸಪ್ಪಳ ಮಾತ್ರ ಅವಳೊಬ್ಬಳದೇ.

ಅಗೋ, ಬಂದಳು. ಗಂಟೆ ಒತ್ತುವ ಮೊದಲೇ ಬಾಗಿಲು ತೆಗೆಯಬೇಕು.