ಹಗೇವಿನ ಮೇಲಿನ ರಸ್ತೆ

ನಮ್ಮ ಓಣಿಗೆ ಈಗ ಸಿಮೆಂಟು ರಸ್ತೆ ಬಂದಿದೆ. ಬೈಕು ಕುಲುಕುವುದಿಲ್ಲ, ಮಳೆ ಬಂದರೆ ಪ್ಯಾಂಟು ಮಡಚಬೇಕಿಲ್ಲ, ಗ್ಯಾಸಿನ ಗಾಡಿ ಮನೆ ಬಾಗಿಲಿಗೇ ಬರುತ್ತದೆ. ಬಂದ ನೆಂಟರು, "ಓಣಿ ಚಲೋ ಆಗೇತಲ್ರಿ" ಅನ್ನುತ್ತಾರೆ. ನಾನು ಹೂಂ ಅನ್ನುತ್ತೇನೆ. ಅಂದು, ಮಾತನ್ನು ಬೇರೆ ಕಡೆ ತಿರುಗಿಸುತ್ತೇನೆ.

ಮೊದಲು ಅಲ್ಲೊಂದು ತಗ್ಗಿತ್ತು. ನಮ್ಮ ಮನೆಗೂ ದೊಡ್ಡವ್ವನ ಮನೆಗೂ ಎದುರಿಗೆ, ಓಣಿಯ ನಟ್ಟನಡುವೆ. ಪ್ರತಿ ಮಳೆಗಾಲಕ್ಕೆ ಅಲ್ಲಿ ನೆಲ ಕುಸಿಯುತ್ತಿತ್ತು. ಪಂಚಾಯಿತಿಯವರು ಮೇಲಿಷ್ಟು ಗರಸು ಮಣ್ಣು ಸುರಿದು, ಫೋಟೊ ಹೊಡೆದುಕೊಂಡು ಹೋಗುತ್ತಿದ್ದರು. ಮುಂದಿನ ಮಳೆಗೆ ಮತ್ತೆ ಅದೇ ಕಥೆ. ನಮ್ಮ ಓಣಿಯ ಗಂಡಸರಲ್ಲಿ ಆ ತಗ್ಗಿಗೆ ಬಿದ್ದು ಮೊಣಕಾಲು ಕೆತ್ತಿಸಿಕೊಳ್ಳದವರು ಕಡಿಮೆ. ಕುಡಿಯದೆ ಬಿದ್ದೆ ಎಂದು ಆಣೆ ಮಾಡಿ ಹೇಳಿಕೊಳ್ಳುವುದೇ ಅವರಿಗೆ ದೊಡ್ಡ ಕೆಲಸವಾಗುತ್ತಿತ್ತು.

ಆ ಜಾಗ ಬಂದಾಗಲೆಲ್ಲ ದೊಡ್ಡವ್ವ ಚಪ್ಪಲಿ ಬಿಡುತ್ತಿದ್ದಳು. ದೊಡ್ಡವ್ವ ಅಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಚಪ್ಪಲಿ ಕೈಯಲ್ಲಿ ಹಿಡಿದು, ಅಷ್ಟು ದೂರ ಬರಿಗಾಲಲ್ಲಿ ನಡೆದು, ದಾಟಿದ ಮೇಲೆ ಮತ್ತೆ ಮೆಟ್ಟಿಕೊಳ್ಳುವುದು. ತಲೆಯ ಮೇಲೆ ಬುತ್ತಿಯ ಬುಟ್ಟಿ ಇರಲಿ, ಕಂಕುಳಲ್ಲಿ ಮೊಮ್ಮಗು ಇರಲಿ, ಬಿಸಿಲಿಗೆ ನೆಲ ಹಂಚಿನ ಹಾಗೆ ಕಾದಿರಲಿ, ಬಿಟ್ಟೇ ದಾಟಬೇಕು. ನಾವು ಹುಡುಗರು ಅವಳ ಹಿಂದೆ ಸಾಲು ಹಿಡಿದು, ಚಪ್ಪಲಿ ಕೈಯಲ್ಲಿ ಹಿಡಿದು, ಅವಳಂತೆಯೇ ಕುತ್ತಿಗೆ ಬಗ್ಗಿಸಿ ನಡೆದು ಅಣಕಿಸುತ್ತಿದ್ದೆವು. ಅವಳು ಬೈಯುತ್ತಿರಲಿಲ್ಲ. ಅಣಕಕ್ಕಾದರೂ ಚಪ್ಪಲಿ ಬಿಟ್ಟರಲ್ಲ ಎಂದು ಸುಮ್ಮನಿರುತ್ತಿದ್ದಳೋ ಏನೋ.

ಆ ತಗ್ಗಿನ ಕೆಳಗಿದ್ದದ್ದು ನಮ್ಮ ಮನೆತನದ ಹಗೇವು. ಹಗೇವು ಅಂದರೆ ನೆಲದೊಳಗೆ ತೋಡಿದ ಜೋಳದ ಕಣಜ. ಬಾಯಿ ಸಣ್ಣದು, ಒಬ್ಬರು ಇಳಿಯುವಷ್ಟು. ಹೊಟ್ಟೆ ಮಾತ್ರ ಓಣಿಯ ಅಗಲಕ್ಕೂ. ಒಳಗೆಲ್ಲ ಒಣದಂಟಿನ ಸೊಪ್ಪೆ ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಎಳೆದುಬಿಟ್ಟರೆ ವರ್ಷಗಟ್ಟಲೆ ಚಿಂತೆ ಇಲ್ಲ. ಈ ಸೀಮೆಯ ಹಳೆಯ ಊರುಗಳಲ್ಲಿ ಮನೆಯ ಮುಂದೆ, ಓಣಿಯಲ್ಲೇ ಹಗೇವು ತೋಡುತ್ತಿದ್ದರು. ಅದರ ಮೇಲೆಯೇ ಗಾಡಿ ಓಡಾಡುತ್ತಿತ್ತು, ಅದರ ಮೇಲೆಯೇ ನಾವು ಗೋಲಿ ಆಡುತ್ತಿದ್ದೆವು.

ಅದನ್ನು ತೆಗೆದದ್ದನ್ನು ನಾನು ನೋಡಿರುವುದು ಒಂದೇ ಸಲ, ಇನ್ನೂ ಶಾಲೆಗೆ ಸೇರುವ ಮೊದಲು. ಚಪ್ಪಡಿ ಎಬ್ಬಿಸಿ, ಒಳಗಿನ ಬಿಸಿಗಾಳಿ ಹೋಗಲಿ ಎಂದು ಮಧ್ಯಾಹ್ನವೆಲ್ಲ ಹಾಗೇ ಬಿಟ್ಟಿದ್ದರು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿದರು. ದೀಪ ಆರಿದರೆ ಇಳಿಯುವ ಹಾಗಿಲ್ಲ, ಒಳಗಿನ ಗಾಳಿ ಮನುಷ್ಯನನ್ನು ಕೊಂದುಬಿಡುತ್ತದೆ. ದೀಪ ಆರಲಿಲ್ಲ. ದೊಡ್ಡಪ್ಪನಿಗೆ ಉಬ್ಬಸ, ನಮ್ಮಪ್ಪನದು ಬೊಜ್ಜು ಮೈ. ಹಾಗಾಗಿ ಇಳಿದವಳು ದೊಡ್ಡವ್ವ. ಚಪ್ಪಲಿ ದೂರದಲ್ಲೇ ಬಿಟ್ಟು, ಹಗೇವಿನ ಬಾಯಿಗೆ ಕುಂಕುಮ ಹಚ್ಚಿ, ಸೆರಗು ಬಿಗಿದು, ಹಗ್ಗ ಹಿಡಿದು ಇಳಿದಳು. ಬುಟ್ಟಿ ಬುಟ್ಟಿ ಜೋಳ ಮೇಲೆ ಬಂತು. ಹುಳಿಹುಳಿ ವಾಸನೆ ಓಣಿಗೆಲ್ಲ ಹಬ್ಬಿತು. ಮೊದಲ ಬುಟ್ಟಿಯನ್ನು ಮನೆಗೊಂದು ಸೇರಿನಂತೆ ಓಣಿಯವರಿಗೆ ಅಳೆದರು. ಆ ರಾತ್ರಿ ಎಲ್ಲರ ಮನೆಯ ರೊಟ್ಟಿಗೂ ಒಂದೇ ವಾಸನೆ ಇತ್ತು.

ಆಮೇಲೆ ಹೊಲಕ್ಕೆ ಮೆಕ್ಕೆಜೋಳ ಬಂತು, ರಾಶಿ ಹೊಲದಿಂದಲೇ ಲಾರಿ ಹತ್ತತೊಡಗಿತು. ಹಗೇವು ಬರಿದಾಗಿ ಹಾಗೇ ಉಳಿಯಿತು.

ಎರಡು ವರ್ಷದ ಹಿಂದೆ ನಮ್ಮ ಓಣಿಗೆ ಸಿಮೆಂಟು ರಸ್ತೆ ಮಂಜೂರಾಯಿತು. ಶಾಲೆಯ ಜಗಲಿಯ ಮೇಲೆ ಸಭೆ ಕರೆದರು. ಪಂಚಾಯಿತಿಯ ಅಧಿಕಾರಿ ಬಂದಿದ್ದರು, ದಾವಣಗೆರೆ ಕಡೆಯವರು. ಕೂಸಿನಂಥ ಇಂಜಿನಿಯರ್ ಬಂದಿದ್ದ. ನಮ್ಮ ವಾರ್ಡಿನ ಸದಸ್ಯೆ ಇದ್ದಳು, ಅವಳೂ ಇದೇ ಓಣಿಯ ಸೊಸೆ. ಗುತ್ತಿಗೆದಾರನ ಕಡೆಯ ಒಬ್ಬ ಮೇಸ್ತ್ರಿ ಇದ್ದ. ನಾನು ಕೊಟ್ಟೂರಿನ ಒಂದು ಸಿಮೆಂಟು ಅಂಗಡಿಯಲ್ಲಿ ಲೆಕ್ಕ ಬರೆಯುವವನಾದ್ದರಿಂದ, ಇಂಥ ಸಭೆಗಳಲ್ಲಿ ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ. ಜಲ್ಲಿಯ ರೇಟು ಗೊತ್ತಿದ್ದವನಿಗೆ ಎಲ್ಲ ಗೊತ್ತಿರುತ್ತದೆ ಎಂಬುದು ಊರಿನ ನಂಬಿಕೆ.

ಇಂಜಿನಿಯರ್ ಆಗಲೇ ಹಾರೆಯಿಂದ ಓಣಿಯನ್ನು ಕುಟ್ಟಿ ನೋಡಿಕೊಂಡು ಬಂದಿದ್ದ. "ಅಲ್ಲಿ ಕೆಳಗೆ ಪೊಳ್ಳಿದೆ. ಬಿಚ್ಚಿ ತುಂಬದೆ ಕಾಂಕ್ರೀಟ್ ಹಾಕಿದ್ರೆ ಒಂದೇ ಮಳೆಗೆ ಬಿರುಕು ಬಿಡುತ್ತೆ. ಆದ್ರೆ ತುಂಬೋದಕ್ಕೆ ಎಸ್ಟಿಮೇಟ್‌ನಲ್ಲಿ ದುಡ್ಡಿಲ್ಲ," ಅಂದ.

ಸದಸ್ಯೆ ನ್ಯಾಯದ ಮಾತೇ ಆಡಿದಳು. "ಹಗೇವು ಯಾರದೈತಿ ಅವರು ತುಂಬಿಸಿಕೊಡ್ಲಿ. ಮ್ಯಾಲಿನ ರಸ್ತಿ ಪಂಚಾಯ್ತಿದು."

ಅಲ್ಲಿಂದ ಶುರುವಾಯಿತು ನೋಡಿ ತಮಾಷೆ. ಬೀಗರು ಬಂದಾಗ ಮೀಸೆ ತೀಡುತ್ತ "ನಮ್ಮ ಹಿರೇರ ಹಗೇವು ಇಲ್ಲೇ ಐತಿ" ಎಂದು ನಮ್ಮ ಹಗೇವಿನ ನೆಲವನ್ನೇ ತೋರಿಸುತ್ತಿದ್ದ ಎದುರುಮನೆಯ ಕಾಕಾ, "ನಮ್ಮ ಮನ್ಯಾಗ ಹಗೇವು ಇದ್ದದ್ದು ನಾನಂತೂ ಕೇಳಿಲ್ರಿ" ಅಂದ. ಪಕ್ಕದ ಮನೆಯವರು ತಮ್ಮದು ಹಿತ್ತಲಲ್ಲಿತ್ತು, ಓಣಿಯಲ್ಲಿರಲಿಲ್ಲ ಅಂದರು. ಖರ್ಚು ಬರುತ್ತದೆ ಅಂದ ಕೂಡಲೇ ನಮ್ಮ ಓಣಿಯಲ್ಲಿ ಹಿರಿಯರೇ ಇರಲಿಲ್ಲ ಅನ್ನುವ ಹಾಗಾಯಿತು. ದೊಡ್ಡವ್ವನ ಮಗ, ನನ್ನ ಅಣ್ಣ, ತಲೆ ಕೆರೆದುಕೊಂಡು, "ಅದು ಊರ ಹಗೇವು ಇರಬೇಕ್ರಿ," ಅಂದುಬಿಟ್ಟ.

ಹೆಂಗಸರ ನಡುವೆ ಕೂತಿದ್ದ ದೊಡ್ಡವ್ವ ಎದ್ದಳು. "ಯಾವ ಊರಂದು? ನಾ ಇಳದೀನಿ ಅದ್ರಾಗ. ನಮ್ದು ಅದು."

ಅಣ್ಣನ ಮುಖ ಸಣ್ಣಗಾಯಿತು. ಅಧಿಕಾರಿ ಸಮಾಧಾನದಿಂದ ಉಸಿರು ಬಿಟ್ಟರು. ಆಗ ಮೇಸ್ತ್ರಿ ಒಂದು ದಾರಿ ತೋರಿಸಿದ. "ಅಲ್ರೀ, ಗಟಾರದಿಂದ ತೆಗೆದ ಹೂಳು ಓಣಿ ತುದೀಗೆ ಬಿದ್ದೈತಿ. ಅದನ್ನ ಹಗೇವಿನಾಗ ನೂಕಿದ್ರ ಎಲ್ಡೂ ಕೆಲ್ಸ ಆತು. ಯಾರಿಗೂ ಖರ್ಚಿಲ್ಲ."

ಸಭೆಗೆ ಸಭೆಯೇ ಹೌದು ಹೌದು ಅಂದಿತು. ಲೆಕ್ಕ ಸರಿಯಾಗಿಯೇ ಇತ್ತು. ಹೂಳು ಸಾಗಿಸುವ ಖರ್ಚೂ ಇಲ್ಲ, ಗರಸು ತರುವ ಖರ್ಚೂ ಇಲ್ಲ.

ದೊಡ್ಡವ್ವ ಕೂತಿರಲಿಲ್ಲ. "ಕಾಳು ಇಟ್ಟ ಜಾಗರೀ ಅದು," ಅಂದಳು. "ಅದರ ಜೋಳ ಉಣ್ಣದ ಮನಿ ಈ ಓಣ್ಯಾಗ ಯಾವುದೈತಿ ಹೇಳ್ರಿ ನೋಡೂಣು. ಅದರಾಗ ಕಕ್ಕಸದ ನೀರು ಹರಿದ ಕೊಳಚಿ ಹಾಕ್ತೀರೇನು?"

"ಅಮ್ಮಾ, ಈಗ ಅದು ಬರೀ ಗುಂಡಿ..." ಅಧಿಕಾರಿ ಬಾಯಿ ತೆರೆದರು.

"ಗುಂಡಿ ಅನಬ್ಯಾಡ್ರಿ."

ಯಾರೂ ನಗಲಿಲ್ಲ. ಕಾಕಾ ನೆಲ ನೋಡುತ್ತ ಕೂತ. ಸದಸ್ಯೆಗೆ ಏನನ್ನಿಸಿತೋ, ದೊಡ್ಡವ್ವನ ಪಕ್ಕಕ್ಕೆ ಬಂದು ನಿಂತು, "ಆತು ಬಿಡ್ರಿ ಅತ್ತಿ. ನಿಮ್ಮ ಮನ್ಯಾರು ಚಲೋ ಗರಸು ತಂದು ಓಣ್ಯಾಗ ಹಾಕ್ರಿ, ಅದನ್ನ ತುಂಬಸ್ತೀವಿ. ಮಂಗಳವಾರ ಕೆಲ್ಸ ಹಿಡೀತಾರ. ಮಾರ್ಚ್ ಮುಗಿಯೋದ್ರಾಗ ಬಿಲ್ಲಾಗಬೇಕು, ಇಲ್ಲಾಂದ್ರ ರೊಕ್ಕ ವಾಪಸ್ ಹೊಕ್ಕೈತಿ," ಅಂದಳು. ಮೇಸ್ತ್ರಿಗೂ ಅದನ್ನೇ ಒತ್ತಿ ಹೇಳಿದಳು. ಅವನು ತಲೆಯಾಡಿಸಿದ.

ಗರಸು ಕೊಳ್ಳಬೇಕಲ್ಲ ಎಂದು ಅಣ್ಣ ದಾರಿಯುದ್ದಕ್ಕೂ ಗೊಣಗಿದ. ದೊಡ್ಡವ್ವ, "ಕೊಳ್ಳೋದು ಯಾಕ? ನಮ್ಮ ದಿಬ್ಬದ ಹೊಲದಾಗ ಬೇಕಾದಷ್ಟೈತಿ," ಅಂದಳು. ಭಾನುವಾರ ನಾವಿಬ್ಬರೂ ಟ್ರ್ಯಾಕ್ಟರ್ ತೆಗೆದುಕೊಂಡು ಹೋದೆವು. ಬೇಡವೆಂದರೂ ಅವಳೂ ಹತ್ತಿ ಕೂತಳು. ನಾವು ಅಗೆದು ಟ್ರೇಲರಿಗೆ ತುಂಬುತ್ತಿದ್ದರೆ ಅವಳು ಬೇವಿನ ನೆರಳಲ್ಲಿ ಕೂತು, ಕೆಂಪು ಗರಸಿನಲ್ಲಿ ಸಿಕ್ಕ ಬೇರು, ಮುಳ್ಳು, ಯಾವುದೋ ಕಾಲದ ಪ್ಲಾಸ್ಟಿಕ್ ಚೂರು ಎಲ್ಲ ಆರಿಸಿ ತೆಗೆದಳು. ಅಕ್ಕಿಯಲ್ಲಿ ಕಲ್ಲು ಆರಿಸುವವರ ಶ್ರದ್ಧೆ. ನನಗೆ ನಗು ಬಂತು.

"ಮಣ್ಣಿಗೆ ಯಾಕ ಇಷ್ಟು ಮಡಿ, ದೊಡ್ಡವ್ವ?" ಅಂದೆ.

"ಈ ಹೊಲದ ಕಾಳೇ ತಮ್ಮ ಅದರಾಗ ಇದ್ದದ್ದು. ಇದರ ಮಣ್ಣೇ ಹೋಗ್ಲಿ," ಅಂದಳು. ಇನ್ನೊಂದು ಬೇರು ಆರಿಸಿ ಎಸೆದು, "ಮುಚ್ಚೋಕಿಂತ ಮೊದ್ಲು ಒಂದು ದೀಪ ಇಳಿಸ್ರಿ. ಒಮ್ಮಿ ನೋಡತೀನಿ," ಅಂದಳು. ಮಂಗಳವಾರ ಬೆಳಗ್ಗೆ ಅಂಗಡಿಗೆ ತಡವಾಗಿ ಹೋಗುತ್ತೇನೆ, ಇಳಿಸೋಣ ಅಂದೆ.

ಎರಡು ಟ್ರೇಲರ್ ಗರಸು ಓಣಿಯ ಬಾಯಿಗೆ ಗುಡ್ಡೆ ಬಿತ್ತು. ಓಣಿಯ ಆ ತುದಿಗೆ ಗಟಾರದ ಕಪ್ಪು ಹೂಳಿನ ಗುಡ್ಡೆ, ಈ ತುದಿಗೆ ನಮ್ಮ ಕೆಂಪು ಗುಡ್ಡೆ.

ಸೋಮವಾರ ಅವಳು ಕೊಟ್ಟೂರಿಗೆ ಸ್ವಾಮಿಯ ಗುಡಿಗೆ ಹೋಗಬೇಕು ಅಂದಳು. ಹಗೇವಿನ ಬಾಯಿಗೆ ಹಚ್ಚಲು ಅಲ್ಲಿಯ ಕುಂಕುಮವೇ ಆಗಬೇಕಂತೆ. ಅಂಗಡಿಗೆ ಹೋಗುವಾಗ ಬೈಕಿನ ಹಿಂದೆ ಕೂರಿಸಿಕೊಂಡು ಹೋದೆ, ಸಂಜೆ ಕರೆದುಕೊಂಡು ಬಂದೆ. ಓಣಿಗೆ ತಿರುಗುತ್ತಲೇ ಬೈಕು ನಿಲ್ಲಿಸಿದೆ. ಜೆಸಿಬಿ ನಿಂತಿತ್ತು. ಮಂಗಳವಾರದ ಜೆಸಿಬಿ ಸೋಮವಾರವೇ ಸಿಕ್ಕಿತು ಎಂದು ಒಂದು ದಿನ ಮೊದಲೇ ಬಂದಿದ್ದರು. ಓಣಿ ಉದ್ದಕ್ಕೂ ಕೆಂಪಗೆ ಸಮವಾಗಿ ಹರಡಿ, ನೀರು ಹೊಡೆದು, ಉರುಳೆ ಎಳೆದು ಮುಗಿಸಿದ್ದರು. ನಮ್ಮ ಹೊಲದ ಗರಸು ಎಂದು ಬಣ್ಣ ನೋಡಿಯೇ ಗೊತ್ತಾಯಿತು. ಆ ತುದಿಯ ಕಪ್ಪು ಗುಡ್ಡೆ ಇರಲಿಲ್ಲ.

ಅಣ್ಣ ಹರಪನಹಳ್ಳಿಗೆ ಹೋಗಿದ್ದ. ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು. "ಹಗೇವಿಗೆ ಆ ಗರಸೇ ಹಾಕ್ರಿ ಅಂದ್ನಿ. ಹೂಂ ಹೂಂ ಅಂದ್ರು. ನಾ ಒಳಗ ಒಲಿ ಮ್ಯಾಲಿನ ಹಾಲು ನೋಡಿ ಬರೋದ್ರಾಗ..."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮೇಸ್ತ್ರಿಯ ಕೊರಳಪಟ್ಟಿಗೆ ಕೈ ಹಾಕುವುದೊಂದು ಬಾಕಿ. ಅವನಿಗೆ ನಾನು ಯಾಕೆ ಕೂಗುತ್ತಿದ್ದೇನೆ ಎಂಬುದೇ ತಿಳಿಯಲಿಲ್ಲ.

"ಅಂಥಾ ಚಲೋ ಗರಸು ತಗ್ಗಿಗೆ ಸುರಿದು ಹಾಳು ಮಾಡಬೇಕೇನ್ರಿ? ರಸ್ತಿ ಬುಡಕ್ಕ ಹಾಕೀವಿ, ಗಟ್ಟಿ ಕುಂತೈತಿ. ನಿಮ್ಮ ಓಣಿಗೇ ಚಲೋ ಅಲ್ಲೇನು?" ಅಂದ. ಹೂಳಿನ ಮೇಲೆ ಬಂಡೆಗಲ್ಲು ತುಂಬಿಸಿದ್ದೇವೆ, ಕುಸಿಯುವುದಿಲ್ಲ ಎಂದು ಧೈರ್ಯವನ್ನೂ ಹೇಳಿದ. ನಮಗೆ ಒಳ್ಳೆಯದು ಮಾಡಿದ್ದೇನೆ ಎಂದೇ ಅವನ ಭಾವನೆ. ಅಂಗಡಿಯಲ್ಲಿ ಯಾರಾದರೂ ನನ್ನನ್ನೇ ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಅದು ನೆನಪಾಗಿ ಮತ್ತಷ್ಟು ಸಿಟ್ಟು ಬಂತು.

ಸದಸ್ಯೆ ರೊಟ್ಟಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಅಧಿಕಾರಿಗೆ ಫೋನು ಹಚ್ಚಿದಳು. ಮತ್ತೆ ತೆಗೆಸಿದರೆ ಜೆಸಿಬಿ ಬಾಡಿಗೆ ಯಾರು ಕೊಡುತ್ತಾರೆ, ನಾಳೆ ಕಾಂಕ್ರೀಟ್ ಬೀಳದಿದ್ದರೆ ಈ ಬಿಲ್ಲೇ ಹೋಗುತ್ತದೆ, ರಸ್ತೆಯೂ ಹೋಗುತ್ತದೆ ಅಂದರು ಅವರು. ಬಾಡಿಗೆ ನಾನು ಕೊಡುತ್ತೇನೆ ಅಂದೆ. ಅಷ್ಟರಲ್ಲಿ ಓಣಿಯವರೆಲ್ಲ ಹೊರಗೆ ಬಂದಿದ್ದರು. ರಸ್ತೆ ತಪ್ಪಿಹೋಗುತ್ತದೆ ಅನ್ನುವ ಮಾತು ಅವರ ಕಿವಿಗೂ ಬಿದ್ದಿತ್ತು.

"ಬಿಡೋ ತಮ್ಮ," ಅಂದ ಕಾಕಾ. "ಆದದ್ದು ಆಗಿಹೋತು. ಒಳಗ ಏನೈತಿ ಅಂತ ಯಾರು ನೋಡ್ತಾರ?"

ಹಗೇವು ತೆಗೆದ ದಿನ ಕಾಕಾನ ಮನೆಗೂ ಒಂದು ಸೇರು ಜೋಳ ಹೋಗಿತ್ತು. ಹೇಳಬೇಕೆಂದು ಬಾಯಿ ತೆರೆದೆ. ದೊಡ್ಡವ್ವ ನನ್ನ ತೋಳು ಹಿಡಿದಳು.

"ಸಾಕು ಬಾ. ಮಂದಿ ರಸ್ತಿ ಯಾಕ ಕೆಡಸ್ತಿ? ಚಾ ಕುಡಿ ಬಾ," ಅಂದಳು. ಕುಂಕುಮದ ಪೊಟ್ಟಣ ಅವಳ ಇನ್ನೊಂದು ಕೈಯಲ್ಲೇ ಇತ್ತು. ಒಳಗೆ ಹೋಗಿ ದೇವರ ಗೂಡಿನಲ್ಲಿ ಇಟ್ಟಳು.

ಆ ಹಳಹಳಿ ನನ್ನನ್ನು ಬಿಟ್ಟಿಲ್ಲ. ಯಾರಿಗೂ ಅವಳ ಮೇಲೆ ದ್ವೇಷವಿರಲಿಲ್ಲ. ಗರಸು ಇತ್ತು, ಒಪ್ಪಿಗೆ ಇತ್ತು, ಸಭೆಯಲ್ಲಿ ಎಲ್ಲರೆದುರು ಆಡಿದ ಮಾತಿತ್ತು. ಆದರೂ ಆ ಮಾತಿನ ತೂಕ ಗೊತ್ತಿದ್ದವಳು ಅವಳೊಬ್ಬಳೇ. ಉಳಿದವರಿಗೆ ಅದು ಮುದುಕಿಯ ಹಟ, ಹೂಂ ಅಂದು ಮುಗಿಸಬೇಕಾದದ್ದು. ಒಂದು ಕಂದೀಲು ಇಳಿಸಿ ಆ ಜೀವಕ್ಕೆ ಒಮ್ಮೆ ತೋರಿಸಲಾಗಲಿಲ್ಲವಲ್ಲ.

ಕಾಂಕ್ರೀಟು ಬಿತ್ತು, ನೀರುಣಿಸಿದರು, ಗಟ್ಟಿಯಾಯಿತು. ಓಡಾಟಕ್ಕೆ ಬಿಟ್ಟ ದಿನ ಬೆಳಗ್ಗೆ ನಾನು ಅಂಗಡಿಗೆ ಹೊರಟಿದ್ದೆ. ದೊಡ್ಡವ್ವ ಹಿಟ್ಟಿನ ಗಿರಣಿಗೆ ಹೊರಟವಳು ನನ್ನ ಮುಂದೆ ನಡೆಯುತ್ತಿದ್ದಳು, ತಲೆಯ ಮೇಲೆ ಜೋಳದ ಡಬ್ಬಿ. ಡಬ್ಬಿ ಈಸಿಕೊಳ್ಳೋಣವೆಂದು ಬೈಕು ಅಲ್ಲೇ ನಿಲ್ಲಿಸಿ ಹಿಂದೆ ಹೋದೆ. ಹಗೇವಿನ ಜಾಗ ಬಂತು. ನೋಡಿದರೆ ಎಲ್ಲ ಒಂದೇ ಬೂದು ಬಣ್ಣ, ಆದರೆ ನಮ್ಮ ಬಾಗಿಲ ಗುರುತಿಗೆ ನನಗೆ ಗೊತ್ತು. ಹುಡುಗನಾಗಿದ್ದಾಗ ಅಣಕಕ್ಕೆ ಮಾಡಿದ್ದನ್ನು ಬಿಟ್ಟರೆ, ನಾನು ಮೊದಲ ಸಲ ಅಲ್ಲಿ ಚಪ್ಪಲಿ ಬಿಟ್ಟೆ, ಕೈಯಲ್ಲಿ ಹಿಡಿದುಕೊಂಡೆ. ಅವಳು ನಿಂತಿರಲಿಲ್ಲ. ಚಪ್ಪಲಿಯ ಸದ್ದು ಕೇಳಿಸುತ್ತಿತ್ತು, ಮೆಟ್ಟಿಕೊಂಡೇ ದಾಟಿಹೋಗಿದ್ದಳು. ಆ ಕಡೆ ನಿಂತು ಹಿಂತಿರುಗಿ ನನ್ನ ಕೈ ನೋಡಿದಳು, ಕಾಲು ನೋಡಿದಳು.

"ಮೆಟ್ಟಿಗ್ಯಾ ತಮ್ಮ," ಅಂದಳು. "ಕೊಳಚಿ ಮ್ಯಾಲೆ ಬರಿಗಾಲಾಗ ನಡೀಬಾರ್ದು."