ರೇಡಿಯೇಟರಿಗೆ ಸುರಿದ ನೀರು

ನನ್ನ ಗಂಡ ಮನೋವೈದ್ಯ. ಮನಸ್ಸಿನಲ್ಲಿರುವುದನ್ನು ಮನೆಯವರ ಹತ್ತಿರ ಹೇಳಿಕೊಳ್ಳಿ ಎಂದು ಊರಿಗೆಲ್ಲ ಬುದ್ಧಿ ಹೇಳಿ ಸಂಬಳ ತೆಗೆದುಕೊಳ್ಳುವ ಈ ಮನುಷ್ಯ, ತನ್ನ ಕಣ್ಣಿನ ವಿಷಯವನ್ನು ತನ್ನ ಅಪ್ಪನಿಗೆ ಮಾತ್ರ ಹೇಳಿರಲಿಲ್ಲ. ನಾನೂ ಬಾಯಿ ಬಿಡಬಾರದೆಂದು ಮಾತು ತೆಗೆದುಕೊಂಡಿದ್ದ.

ನೋಟ ಅಂಚಿನಿಂದ ಒಳಕ್ಕೆ ಕುಗ್ಗುತ್ತ ಬರುವ ಕಾಯಿಲೆ ಅದು. ಎದುರಿಗಿರುವುದೆಲ್ಲ ಸ್ಪಷ್ಟ. ಪಕ್ಕದಲ್ಲಿರುವುದು ಮೊದಲು ಮಸುಕಾಗುತ್ತದೆ, ಆಮೇಲೆ ಇಲ್ಲವೇ ಇಲ್ಲ. ಆ ಬೇಸಿಗೆಯ ಪರೀಕ್ಷೆಯಲ್ಲಿ, ಕಾರು ನಡೆಸಲು ಬೇಕಾದಷ್ಟು ನೋಟ ಇನ್ನೂ ಇದೆ ಎಂದು ಬಂದಿತ್ತು. ಕತ್ತಲಲ್ಲಿ ಮಾತ್ರ ಬೇಡ ಅಂದರು. ಮುಂದಿನ ಪರೀಕ್ಷೆ ವಸಂತದಲ್ಲಿ. ಅದರಲ್ಲಿ ಪಾಸಾಗುವ ಆಸೆ ಇಟ್ಟುಕೊಳ್ಳಬೇಡಿ ಎಂದು ಕಣ್ಣಿನ ಡಾಕ್ಟರು ಮುಖಕ್ಕೇ ಹೇಳಿದ್ದರು. ಹಲವು ದಿನ ಕಳೆದ ಮೇಲೆ ಇವನು ಒಂದು ಮುಂಜಾನೆ ಚಹಾ ಕುಡಿಯುತ್ತ ಹೇಳಿದ: "ಹಿಮದಾಗ ಘಾಟಿ ಹತ್ತಬೇಕು. ಒಂದ ಸಲ. ಸ್ಟೇರಿಂಗ್ ನನ್ನ ಕೈಯಾಗ ಇರಬೇಕು."

ಯಾವ ಕಾರಿನಲ್ಲಿ ಎಂದು ನಾನು ಕೇಳಲಿಲ್ಲ. ನಮ್ಮ ಜೊತೆಗೆ ಲಂಡನ್ನಿಗೆ ಬಂದ ಡಾಕ್ಟರುಗಳೆಲ್ಲ ಮಕ್ಕಳುಮರಿ ಸಾಮಾನುಸರಂಜಾಮು ತುಂಬುವ ಉದ್ದನೆಯ ಕಾರು ಕೊಂಡಾಗ, ಇವನು ಎರಡೇ ಸೀಟಿನ, ಮೇಲೆ ಬಟ್ಟೆಯ ಹೊದಿಕೆಯ, ಕಡುಹಸಿರು ಬಣ್ಣದ ಹಳೆಯ ಸ್ಪೋರ್ಟ್ಸ್ ಕಾರು ತಂದಿದ್ದ. ಕಾಯಿಪಲ್ಲೆಯ ಚೀಲ ಇಡಲೂ ಅದರಲ್ಲಿ ಜಾಗವಿಲ್ಲ. ಎಜ್‌ವೇರಿನ ನಮ್ಮ ಮನೆಗೆ ಗ್ಯಾರೇಜೇನೋ ಇತ್ತು. ಆದರೆ ಅದರ ತುಂಬ ಕನ್ನಡ ಕೂಟದ ಹಬ್ಬದೂಟದ ಪಾತ್ರೆಗಳು, ಮಡಿಚುವ ಕುರ್ಚಿಗಳು, ಯಾರ್ಯಾರದೋ ಸೂಟ್‌ಕೇಸುಗಳು. "ಸ್ವಲ್ಪ ದಿನ ಇಟ್ಟಿರಿ" ಎಂದು ಬಿಟ್ಟುಹೋದವರು ಮತ್ತೆ ಇತ್ತ ಸುಳಿದಿರಲಿಲ್ಲ. ಹೀಗಾಗಿ ಕೊಪ್ಪರಿಗೆಗಳು ಒಳಗೆ ಬೆಚ್ಚಗಿದ್ದವು, ಕಾರು ಅಂಗಳದಲ್ಲಿ ಇಬ್ಬನಿಯಲ್ಲಿ ನಿಂತಿತ್ತು.

ಕ್ರಿಸ್‌ಮಸ್ ರಜೆಯಲ್ಲಿ ಹೊರಡುವುದೆಂದಾಯಿತು. ಫ್ರಾನ್ಸ್ ದಾಟಿ, ಜರ್ಮನಿಯ ಅಂಚು ಹಿಡಿದು, ಆಸ್ಟ್ರಿಯಾದ ಘಾಟಿ. ಬೆಳಕಿರುವಾಗ ಇವನು, ಕತ್ತಲಾಗುವ ಮೊದಲೇ ನಾನು. ಈ ಷರತ್ತಿನ ಮೇಲೆ ಒಪ್ಪಿದ್ದೆ. ಒಪ್ಪಿದ್ದೆ ಅಷ್ಟೇ, ಹೆದರಿಕೆ ಹೋಗಿರಲಿಲ್ಲ. ನಾನು ಟೂಟಿಂಗಿನ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು. ನೆಲದಡಿಯ ಟ್ಯೂಬ್ ರೈಲಿನಲ್ಲಿ ಊರಿನ ಈ ತುದಿಯಿಂದ ಆ ತುದಿಗೆ ಹೋಗಿ ಬರುವಷ್ಟು ಹೊತ್ತೂ, ಹಿಮದ ರಸ್ತೆಯ ತಿರುವಿನಲ್ಲಿ ಇವನಿಗೆ ಕಾಣದೇ ಹೋಗಬಹುದಾದದ್ದನ್ನೆಲ್ಲ ಎಣಿಸುತ್ತಿದ್ದೆ. ಮನೆಗೆ ಬಂದರೆ ಇವನು ಕಾರಿನ ಕೆಳಗೆ ಮಲಗಿರುತ್ತಿದ್ದ. ಟಾರ್ಚ್ ಹಿಡಿಯುವ ಕೆಲಸ ನನ್ನದು.

"ಎಡಕ್ಕ ಹಿಡಿ."

"ಎಡಕ್ಕ ಹಿಡದೀನಿ."

"ಇನ್ನೂ ಎಡಕ್ಕ ಅಂದ್ರ."

ಬೆಳಕು ಅವನು ಕೇಳಿದ ಜಾಗದಲ್ಲೇ ಬಿದ್ದಿರುತ್ತಿತ್ತು. ನಾನು ವಾದಿಸದೆ ಟಾರ್ಚನ್ನು ಇನ್ನಷ್ಟು ಸರಿಸುತ್ತಿದ್ದೆ. ಹಿಮದಲ್ಲಿ ಜಾರದಂತೆ ಗಾಲಿಗೆ ಸರಪಳಿ ಕಟ್ಟುವುದನ್ನು ಅವನು ಮುಟ್ಟಿ ಮುಟ್ಟಿಯೇ ಕಲಿತ. ಅಂಗಳದಲ್ಲಿ ಒಂದು ಚೂರೂ ಹಿಮವಿಲ್ಲದೆ ಸರಪಳಿ ಕಟ್ಟಿ ಬಿಚ್ಚುವ ಡಾಕ್ಟರನ್ನು ಎದುರುಮನೆಯ ಮುದುಕಿ ಪರದೆ ಸರಿಸಿ ನೋಡುತ್ತಿದ್ದಳು. ಹೇಸ್ ಬಡಾವಣೆಯಲ್ಲಿದ್ದ ಒಬ್ಬ ಮೆಕ್ಯಾನಿಕ್ ಚಳಿಗಾಲದ ಟಯರು ಹಾಕಿ, ಬ್ರೇಕು ನೋಡಿ, ಬ್ಯಾಟರಿ ಬದಲಿಸಿ ಕೊಟ್ಟ. ನೀರು ಹೆಪ್ಪುಗಟ್ಟದಂತೆ ಎಂಜಿನ್ನಿಗೆ ಬೆರೆಸುವ ಹಸಿರು ದ್ರವವನ್ನು ಮಾತ್ರ ಇವನು ಅಕ್ಟೋಬರಿನಲ್ಲೇ ತಾನೇ ಅಳತೆ ಮಾಡಿ ತುಂಬಿದ್ದ.

ಅದೇ ಅಕ್ಟೋಬರಿನಲ್ಲಿ ಮಾವ ಧಾರವಾಡದಿಂದ ಬಂದಿದ್ದರು. ಲೋಕೋಪಯೋಗಿ ಇಲಾಖೆಯಲ್ಲಿ ಓವರ್‌ಸಿಯರ್ ಆಗಿ, ಬಾಗಲಕೋಟೆಯ ಕಡೆಯ ಬಿಸಿಲಿನಲ್ಲಿ ಸರಕಾರಿ ಜೀಪು ಓಡಿಸಿ ನಿವೃತ್ತರಾದವರು. ಸುಮ್ಮನೆ ಕೂಡುವ ಜಾಯಮಾನ ಅಲ್ಲ. ಮಗನ ಕಾರು ನೋಡಿ ಮೊದಲ ದಿನವೇ "ಮ್ಯಾಲೆ ಅರಿವಿ, ಒಳಗ ಇಬ್ಬರಿಗಷ್ಟ ಜಾಗಾ. ಇದೇನ್ ಟಾಂಗಾ ಏನು?" ಎಂದು ಕೇಳಿದ್ದರು. ಆದರೂ ಅದರ ಸುತ್ತ ಎರಡು ಸಲ ಸುತ್ತಿ ಬಂದಿದ್ದರು. ದಿನಾ ಮುಂಜಾನೆ ಸ್ನಾನ, ಪೂಜೆ ಮುಗಿಸಿ, ಉಲ್ಲನ್ ಟೋಪಿ ಕಿವಿಯವರೆಗೆ ಎಳೆದುಕೊಂಡು, ತಂಬಿಗೆ ಹಿಡಿದು ಹೊರಗೆ ಹೋಗುತ್ತಿದ್ದರು. ನಾನು ಕೆಲಸಕ್ಕೆ ಓಡುವ ಗಡಿಬಿಡಿಯಲ್ಲಿ ಅದನ್ನು ನೋಡಿ, ಸೂರ್ಯನಿಗೆ ಅರ್ಘ್ಯ ಬಿಡುತ್ತಾರೆ ಅಂದುಕೊಂಡಿದ್ದೆ. ಡಿಸೆಂಬರಿನ ಲಂಡನ್ನಿನಲ್ಲಿ ಸೂರ್ಯ ಎಲ್ಲಿದ್ದಾನೆ ಎಂದು ಕೂಡ ಯೋಚಿಸಲಿಲ್ಲ.

ಹೊರಡುವುದಕ್ಕೆ ಕೆಲವೇ ದಿನ ಇರುವಾಗ ಕಟುವಾದ ಚಳಿ ಬಿತ್ತು. ಅಂಗಳದ ಹುಲ್ಲು ಬೆಳ್ಳಗೆ ಸೆಟೆದು ನಿಂತಿತ್ತು. ಅದು ಭಾನುವಾರ. ಇವನು ಕಾರು ಚಾಲೂ ಮಾಡಿದ್ದೇ ಎಂಜಿನ್ನಿನೊಳಗಿಂದ ಕಿರ್ರನೆ ಚೀರಿದ ಸದ್ದು. ಕ್ಷಣದಲ್ಲಿ ಆರಿಸಿದ. ಬಾನೆಟ್ ಎತ್ತಿ ನೀರಿನ ಡಬ್ಬಿಯ ಮುಚ್ಚಳ ತೆಗೆದು ಬೆರಳಿಟ್ಟ. ಬೆರಳು ಒಳಗೆ ಹೋಗಲಿಲ್ಲ.

"ಹಸರ ಅದನೋ ಏನೋ ನೋಡು" ಅಂದ. ಧ್ವನಿ ಕೆಳಗಿಳಿದಿತ್ತು.

ನಾನು ಬಗ್ಗಿ ನೋಡಿದೆ. ಒಳಗಿದ್ದದ್ದು ಬರೀ ಬಿಳಿ ಮಂಜುಗಡ್ಡೆ, ಹಸಿರಿನ ಸುಳಿವು ಇದ್ದೂ ಇಲ್ಲದ ಹಾಗೆ.

ಹೆಪ್ಪುಗಟ್ಟಿದ ನೀರು ಉಬ್ಬಿ ಎಂಜಿನ್ನಿನ ಕಬ್ಬಿಣವನ್ನೇ ಸೀಳಿರಬಹುದು. ಸೀಳಿದ್ದರೆ ಆ ಹಳೆಯ ಕಾರಿಗೆ ಇನ್ನೊಂದು ಎಂಜಿನ್ ಹುಡುಕಿ ಕೂಡಿಸುವ ಹೊತ್ತಿಗೆ ವಸಂತ ಬಂದಿರುತ್ತದೆ. ಇಬ್ಬರಿಗೂ ಅದು ಗೊತ್ತಿತ್ತು. ಇವನು ಒಳಗೆ ಹೋಗಿ ಹೇಸ್‌ನ ಮೆಕ್ಯಾನಿಕ್‌ಗೆ ಫೋನ್ ಮಾಡಿ, ಅವನು ಹಸಿರು ದ್ರವ ಚೆಲ್ಲಿ ನೀರು ತುಂಬಿ ಮೋಸ ಮಾಡಿದ್ದಾನೆಂದು ಕೂಗಾಡತೊಡಗಿದ. ರೋಗಿಗಳ ಎದುರು ದನಿ ಎತ್ತದವನ ಕುತ್ತಿಗೆಯ ನರಗಳು ಉಬ್ಬಿದ್ದವು. ಆ ಕಡೆಯವನು ಏನೋ ಹೇಳುತ್ತಲೇ ಇದ್ದ, ಇವನು ಕೇಳಿಸಿಕೊಳ್ಳಲಿಲ್ಲ.

ಮಾವ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. "ಫೋನ್ ಇಡು ತಮ್ಮಾ. ನೀರ ನಾ ಹಾಕೇನಿ."

ಇವನು ಫೋನ್ ಇಟ್ಟ.

"ದಿನಾ ಮುಂಜಾನೆ ನೋಡತಿದ್ದೆ, ಕಡಿಮಿ ಆಗಿರತಿತ್ತು. ಒಂದೊಂದ ತಂಬಿಗಿ ಹಾಕಿ ಲೆವೆಲ್ ಮಾಡತಿದ್ದೆ. ರೇಡಿಯೇಟರಿಗೆ ನೀರ ನೋಡದ ಗಾಡಿ ತಗದವನ ಅಲ್ಲ ನಾ. ನಿಮಗ ಪುರಸೊತ್ತ ಇಲ್ಲಂತ…"

ಎಲ್ಲೋ ಒಂದು ಪೈಪು ಸೋರುತ್ತಿತ್ತು. ಸೋರಿದಷ್ಟನ್ನೂ ಮಾವ ದಿನಾ ತುಂಬಿದ್ದರಿಂದ ನಮಗೆ ಅದು ಗೊತ್ತೇ ಆಗಲಿಲ್ಲ. ನೀರು ಕಲ್ಲಾಗುವ ಊರಿನಲ್ಲಿ ಅವರು ಯಾವತ್ತೂ ಗಾಡಿ ಓಡಿಸಿರಲಿಲ್ಲ. ಅವರನ್ನು ಬೈಯುವುದು ಹೇಗೆ? ಇವನೂ ಬೈಯಲಿಲ್ಲ. ಕುರ್ಚಿಯಲ್ಲಿ ಕುಸಿದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಮಾವನಿಗೆ ಇದು ಅತಿಯಾಯಿತು ಅನ್ನಿಸಿರಬೇಕು. "ಒಂದ ಗಾಡಿ ಸಲುವಾಗಿ ಇಷ್ಟ ಯಾಕ ಮನಸ್ಸಿಗೆ ಹಚಗೋತಿ? ರಿಪೇರಿ ಮಾಡಸು. ಮುಂದಿನ ವರ್ಷ ಹೋಗ್ರಿ."

ನನಗೆ ತಡೆಯಲಾಗಲಿಲ್ಲ. ನಾವು ಮೆಡಿಕಲ್ ಕಾಲೇಜಿನಲ್ಲಿ ಜೊತೆಗೆ ಓದಿದವರು, ನಮ್ಮಿಬ್ಬರ ನಡುವೆ ಏಕವಚನವೇ. ಮಾವನ ಎದುರು ಮಾತ್ರ ನಾನು ತಪ್ಪದೆ 'ಇವರು' ಅನ್ನುತ್ತಿದ್ದೆ. ಅವತ್ತು ಅದೂ ನೆನಪಾಗಲಿಲ್ಲ.

"ಮುಂದಿನ ವರ್ಷ ಇಂವಗ ಗಾಡಿ ನಡಸ್ಲಿಕ್ಕೆ ಆಗೂದಿಲ್ಲ ಮಾಮಾ. ಕಣ್ಣ ಹೋಗ್ಲಿಕ್ಕತ್ತಾವ."

ಮಾವ ನನ್ನನ್ನು ನೋಡಿದರು, ಮಗನನ್ನು ನೋಡಿದರು. ಎಷ್ಟು ಕಾಣುತ್ತದೆ, ಎಷ್ಟು ದಿನದಿಂದ, ಔಷಧ ಇದೆಯೋ ಇಲ್ಲವೋ, ಒಂದನ್ನೂ ಕೇಳಲಿಲ್ಲ. ಟೋಪಿ ಹಾಕಿಕೊಂಡು ಗ್ಯಾರೇಜಿನ ಬಾಗಿಲು ತೆಗೆದು ಕುರ್ಚಿಗಳನ್ನು ಹೊರಗೆ ಎಳೆಯತೊಡಗಿದರು. ಕಾರನ್ನು ಬೆಚ್ಚಗಿನ ಜಾಗಕ್ಕೆ ತರಬೇಕು ಎಂಬುದು ಅವರಿಗೆ ಹೊಳೆದಿತ್ತು. ನಾನು ಮಾತು ಮುರಿದದ್ದಕ್ಕೆ ಇವನು ನನ್ನತ್ತ ನೋಡದೆಯೇ ಎದ್ದು ಹೋಗಿ ಅಪ್ಪನ ಜೊತೆ ಕೊಪ್ಪರಿಗೆಯ ಇನ್ನೊಂದು ಕಿವಿ ಹಿಡಿದ.

ಮೂವರೂ ಕಾರನ್ನು ಒಳಗೆ ತಳ್ಳಿ, ಎರಡು ಹೀಟರ್ ಇಟ್ಟು, ಬಾಗಿಲು ಮುಚ್ಚಿ ಕಾದೆವು. ಅಷ್ಟು ಕೆಟ್ಟ ಭಾನುವಾರವನ್ನು ನಾನು ಕಂಡಿಲ್ಲ. ಮಂಜು ಕರಗಿ ಹನಿ ಬೀಳುವುದು ಶುರುವಾದಾಗ, ಎಲ್ಲಿಂದ ಬೀಳುತ್ತದೆ ಎಂದು ಇವನು ಎಂಜಿನ್ನಿನ ಮೈಯನ್ನೆಲ್ಲ ಬೆರಳಿನಿಂದ ಸವರಿ ನೋಡಿದ. ಮಾವ ಟಾರ್ಚ್ ಹಿಡಿದಿದ್ದರು. ಒಡೆದದ್ದು ಸೋರುತ್ತಿದ್ದ ಆ ಪೈಪು ಮಾತ್ರ. ಕಬ್ಬಿಣಕ್ಕೆ ಏನೂ ಆಗಿರಲಿಲ್ಲ. ಇವನು ಮತ್ತೆ ಹೇಸ್‌ಗೆ ಫೋನ್ ಮಾಡಿ ಕ್ಷಮೆ ಕೇಳಿ, ಮರುದಿನ ಹೋಗಿ ಹೊಸ ಪೈಪು ತಂದು ಕೂಡಿಸಿದ. ಹಸಿರು ದ್ರವ ತುಂಬಿದ ಮೇಲೆ ಎಂಜಿನ್ ಯಾವ ತಕರಾರೂ ಇಲ್ಲದೆ ಚಾಲೂ ಆಯಿತು. ನನಗೆ ಅಳು ಬಂತು. ಖುಷಿಗೋ ಹೆದರಿಕೆಗೋ ಎಂದು ಕೇಳಿದರೆ ಎರಡಕ್ಕೂ ಅನ್ನುತ್ತೇನೆ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಮಾವ ಕೋಟು ಹಾಕಿಕೊಂಡು ಬಂದರು. "ನನ್ನ ಒಂದ ಸುತ್ತ ಹೊಡಿಸ್ಕೊಂಡ ಬಾ ತಮ್ಮಾ." ಇಷ್ಟು ದಿನ ಆ ಟಾಂಗಾದಲ್ಲಿ ಕೂತವರೇ ಅಲ್ಲ. ಅಪ್ಪ, ಮಗ ಹೋದರು. ನಾನು ದಾರಿಗೆ ಚಪಾತಿ ಲಟ್ಟಿಸುತ್ತಿದ್ದೆ. ಅಂದುಕೊಂಡದ್ದಕ್ಕಿಂತ ಬೇಗ ಕಾರು ವಾಪಸು ಬಂತು.

ಮಾವ ಕೋಟು ಬಿಚ್ಚಲಿಲ್ಲ. ಅಡುಗೆಮನೆಯಲ್ಲಿ ನಿಂತೇ, ಮಗನಿಗೇ ಹೇಳಿದರು, ನಾನೂ ಕೇಳುವ ಹಾಗೆ. "ಎಡಗಡೆಯಿಂದ ಒಬ್ಬಾಕಿ ಕೂಸಿನ ಗಾಡಿ ತಳ್ಳಿಕೋತ ಬಿಳಿ ಪಟ್ಟಿ ಮ್ಯಾಲೆ ರಸ್ತಾ ದಾಟ್ಲಿಕ್ಕೆ ಬಂದ್ಲು. ನಾ ಒದರಿದ ಮ್ಯಾಲೆ ನೀ ಬ್ರೇಕ್ ಹಾಕಿದಿ."

"ನೋಡಿದ್ದೆ ಅಪ್ಪಾ."

"ಇಲ್ಲ. ನೋಡಿರಲಿಲ್ಲ."

ಬೆಳಕಿತ್ತು, ರಸ್ತೆ ಒಣಗಿತ್ತು, ದಿನಾ ಹೋಗಿ ಬರುವ ನಮ್ಮದೇ ಬೀದಿ. ಇವನು ವಾದಿಸಿದ್ದರೆ ಚೆನ್ನಾಗಿತ್ತು, ಜಗಳವಾಡಬಹುದಿತ್ತು. ಇವನು ಜೇಬಿನಿಂದ ಕೀ ತೆಗೆದು ಚಪಾತಿ ಮಣೆಯ ಪಕ್ಕ ಇಟ್ಟು ಮಹಡಿ ಹತ್ತಿ ಹೋದ. ಮಾವ ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಹೇಳಬಾರದಿತ್ತೇನು ತಂಗೀ?" ಎಂದು ಕೇಳಿದರು. ಹೇಳಬೇಕಾಗಿತ್ತು ಎಂದೆ.

ಹೋಗುವುದೇ ಬೇಡ ಅನ್ನುತ್ತಾನೆ ಅಂದುಕೊಂಡಿದ್ದೆ. ಬೆಳಿಗ್ಗೆ ನೋಡಿದರೆ ಇವನು ತಯಾರಾಗಿ ಎಡಗಡೆಯ ಸೀಟಿನಲ್ಲಿ ಕೂತಿದ್ದ, ತೊಡೆಯ ಮೇಲೆ ನಕ್ಷೆ. ಮಾವನಿಗೆ ಗೆಳೆಯರೊಬ್ಬರ ಮನೆಯಲ್ಲಿ ಊಟದ ವ್ಯವಸ್ಥೆಯಾಗಿತ್ತು. ನಾನು ಸ್ಟೇರಿಂಗ್ ಹಿಡಿದೆ. ಬೀದಿ ದಾಟುವ ಮೊದಲೇ ಶುರುವಾಯಿತು: ಗಿಯರ್ ತಡವಾಗಿ ಹಾಕುತ್ತಿ, ಕ್ಲಚ್ ಮೇಲೆ ಕಾಲಿಟ್ಟಿದ್ದಿ, ಎಂಜಿನ್ ಸದ್ದು ಕೇಳು. ಫ್ರಾನ್ಸ್ ತುಂಬ ಇದೇ. ಬಾಯಿ ಮುಚ್ಚು ಅಂತ ಒಂದೆರಡು ಸಲ ಅಂದೆ. ಒಳಗೆ ಮಾತ್ರ, ಬೈಯುತ್ತಲೇ ಇರಲಿ ಎನ್ನಿಸುತ್ತಿತ್ತು.

ಘಾಟಿಯ ಕೆಳಗೆ ಸರಪಳಿ ಕಟ್ಟಿದವನು ಅವನೇ. ಹತ್ತಿಸಿದವಳು ನಾನು, ಹಲ್ಲು ಕಚ್ಚಿಕೊಂಡು. ಮೇಲೆ ತಲುಪಿದಾಗ ನಡುಮಧ್ಯಾಹ್ನ, ಕಣ್ಣು ಕುಕ್ಕುವ ಬಿಸಿಲು, ಎರಡೂ ಕಡೆ ಆಳೆತ್ತರದ ಹಿಮದ ಗೋಡೆ, ಒಂದು ನರಪಿಳ್ಳೆ ಇಲ್ಲ. ನಿಲ್ಲಿಸು ಅಂದ. ಎಂಜಿನ್ ಆರಿಸಿ, ಕೀ ಕೋಟಿನ ಜೇಬಿಗೆ ಹಾಕಿಕೊಂಡು ಇಳಿದೆ. ಅವನು ಸುತ್ತಿಬಂದು ನನ್ನ ಸೀಟಿನಲ್ಲಿ ಕೂತ. ಗ್ಲೌಸ್ ತೆಗೆದು ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟು, ಇಳಿದುಹೋಗುವ ರಸ್ತೆಯನ್ನೇ ನೋಡುತ್ತಿದ್ದ. ನಾನು ಹೊರಗೆ ನಿಂತು ಜೇಬಿನೊಳಗೆ ಕೀಯನ್ನು ಮುಷ್ಟಿಯಲ್ಲಿ ಹಿಡಿದಿದ್ದೆ. ಕೇಳಿದ್ದರೆ ಕೊಟ್ಟುಬಿಡುತ್ತಿದ್ದೆ. ಅವನು ಕೇಳಲಿಲ್ಲ.